ಭಾನುಮತಿ ಕಾಯುತ್ತಿದ್ದ ಉಸಿರು

ಗಂಡ ಸತ್ತಾಗ ಓಲ್ಡ್ ಬ್ರಿಡ್ಜ್ ಎಂಬ ಊರಿನ ಭಾನುಮತಿಗೆ ಅಳು ಬರಲಿಲ್ಲ. ಫೆಬ್ರವರಿಯಲ್ಲಿ ಡ್ರೈವ್‌ವೇ ಮೇಲಿನ ಹಿಮ ಎತ್ತುತ್ತ ಬದರಿ ಕುಸಿದ. ಆಂಬುಲೆನ್ಸ್ ಬರುವುದರೊಳಗೆ ಎಲ್ಲ ಮುಗಿದಿತ್ತು. ಬಂದವರು ಬಂದರು, ಡಬ್ಬಿಗಳಲ್ಲಿ ಹುಳಿ, ಪಲ್ಯ, ಚಿತ್ರಾನ್ನ ತಂದಿಟ್ಟರು. ಭಾನುಮತಿ ಒಂದೊಂದು ಡಬ್ಬಿಗೂ ತಾರೀಖಿನ ಚೀಟಿ ಅಂಟಿಸಿ ಫ್ರೀಜರಿನಲ್ಲಿ ಜೋಡಿಸಿದಳು. ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ದಾಖಲೆ ತಪಾಸಣೆ ಮಾಡಿದ ಕೈ ಅದು, ತಾರೀಖಿಲ್ಲದೆ ಏನನ್ನೂ ಒಳಗಿಡದು. "ಗಟ್ಟಿಗಿತ್ತಿ ಕಣ್ರೀ" ಎಂದರು ನೋಡಿದವರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಮರಗಟ್ಟಿ ಹೋಗಿದ್ದಳು, ಅಷ್ಟೇ.

ಅವಳ ಹಿಂದಿನದನ್ನೂ ಸ್ವಲ್ಪ ಹೇಳಬೇಕು. ಮೈಸೂರಿನ ಚಾಮುಂಡಿಪುರದಲ್ಲಿ ಹುಟ್ಟಿ, ಏಳನೇ ವರ್ಷದಿಂದ ಚಾಪೆಯ ಮೇಲೆ ಕೂತು ಪಿಟೀಲು ಕಲಿತವಳು. ಕಲಿತದ್ದೆಲ್ಲ ಪಕ್ಕವಾದ್ಯಕ್ಕೇ. ಪಕ್ಕವಾದ್ಯದವರ ಧರ್ಮ ಗೊತ್ತಲ್ಲ? ಹಾಡುವವರು ಹೆಜ್ಜೆ ಇಟ್ಟ ಮೇಲೆ ತಾನು ಹೆಜ್ಜೆ ಇಡಬೇಕು. ಮುಂದೆ ಹೋದರೆ ಅಧಿಕಪ್ರಸಂಗಿ, ತೀರಾ ಹಿಂದೆ ಬಿದ್ದರೆ ದಡ್ಡಿ. ಆ ಅರ್ಧ ಹೆಜ್ಜೆಯ ಲೆಕ್ಕ ಅವಳ ರಕ್ತಕ್ಕೇ ಇಳಿದಿತ್ತು. ಸಂಸಾರವನ್ನೂ ಹಾಗೆಯೇ ನಡೆಸಿದಳು ಅಂದರೆ ಅವಳೇನೂ ಬೇಜಾರು ಮಾಡಿಕೊಳ್ಳಲಾರಳು.

ಬದರಿ ಮಾತ್ರ ಬೆಂಗಳೂರಿನ ಕಂಟೋನ್‌ಮೆಂಟಿನಲ್ಲಿ ಪಾಶ್ಚಾತ್ಯ ಪಿಟೀಲು ಕಲಿತವನು. ಹನ್ನೊಂದು ವರ್ಷದ ಹಿಂದೆ ಒಂದು ಚರ್ಚಿನ ಹಳೇ ಪುಸ್ತಕಗಳ ರಾಶಿಯಲ್ಲಿ ಅವನಿಗೆ ಹಂಗೇರಿಯ ಸಂಗೀತವೊಂದರ ಸ್ವರದ ಹಾಳೆಗಳು ಸಿಕ್ಕವು. ಇಪ್ಪತ್ತನೇ ಶತಮಾನ ಆಗಷ್ಟೇ ಕಣ್ಣು ಬಿಟ್ಟಿದ್ದಾಗ ಬರೆದದ್ದು. ಪಿಟೀಲು, ವಿಯೋಲಾ, ಚೆಲ್ಲೊ, ಮೂರೇ ಜನಕ್ಕೆ. ನೆಲಕ್ಕೂರಿ ನುಡಿಸುವ ಚೆಲ್ಲೊಗೆ ಮಾರ್ಗರೆಟ್ ಇದ್ದಳು, ಮಂಗಳೂರಿನವಳು, ಆಸ್ಪತ್ರೆಯಲ್ಲಿ ನರ್ಸ್, ಭಾನುವಾರ ಚರ್ಚಿನಲ್ಲಿ ನುಡಿಸುವವಳು. ಪಿಟೀಲಿಗಿಂತ ತುಸು ದೊಡ್ಡದಾದ, ದಪ್ಪ ಧ್ವನಿಯ ವಿಯೋಲಾಕ್ಕೆ ಯಾರೂ ಇರಲಿಲ್ಲ. ಐವತ್ತು ದಾಟಿದ ಭಾನುಮತಿ ಚಾಪೆಯಿಂದೆದ್ದು ಕುರ್ಚಿ ಹತ್ತಿದಳು. ಮೊದಲ ವರ್ಷವಂತೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಂದು ದಿನ ಅವಳು ಕಮಾನು ಕೆಳಗಿಟ್ಟು, "ರೀ, ಇದು ನಮ್ಮ ಶುದ್ಧ ಧನ್ಯಾಸಿ ಕಣ್ರೀ!" ಎಂದು ಕೂಗಿದಳು. ಅದೇ ಐದು ಸ್ವರ! ಆ ಕಾಲದಲ್ಲಿ ಹಂಗೇರಿಯ ಸಂಗೀತಗಾರರು ಹಳ್ಳಿ ಹಳ್ಳಿ ಸುತ್ತಿ ರೈತರ ಹಾಡು ಬರೆದುಕೊಳ್ಳುತ್ತಿದ್ದರಂತೆ. ಅಂದಿನಿಂದ ಅದು ಅವಳ ಮನೆಯ ಸಂಗೀತವಾಯಿತು.

ಅದರ ಎರಡನೆಯ ಭಾಗ ನಿಧಾನದ್ದು. ಶುರು ಮಾಡಬೇಕಾದದ್ದು ವಿಯೋಲಾ ಒಂದೇ. ಮಿಕ್ಕವರಿಬ್ಬರು ಅದರ ಹಿಂದೆ ಸುಮ್ಮನೆ ತಂತಿ ಮೀಟುತ್ತಾರೆ. ಕಣ್ಣು ಹಾಳೆಯ ಮೇಲಿಟ್ಟು ಅವಳು ಕಿವಿಗೊಟ್ಟು ಕಾಯುವಳು. ಪಕ್ಕದ ಕುರ್ಚಿಯಿಂದ ಬದರಿ ಮೂಗಿನಲ್ಲಿ ಜೋರಾಗಿ ಉಸಿರೆಳೆಯುವನು. ಆಗ ಅವಳ ಕಮಾನು ಹೊರಡುವುದು. ಹನ್ನೊಂದು ವರ್ಷವೂ ಹೀಗೇ.

ಏಪ್ರಿಲಿನಲ್ಲಿ ಮಾರ್ಗರೆಟ್ ಬಂದಳು. "ಮೇ ಹದಿನೇಳಕ್ಕೆ ಲೈಬ್ರರಿಯಲ್ಲಿ ನಮ್ಮ ಪ್ರೋಗ್ರಾಂ ಉಂಟು. ಬದರಿಯೇ ಬುಕ್ ಮಾಡಿಟ್ಟದ್ದು. ನುಡಿಸುವುದಾ, ಬೇಡವಾ?"

"ನುಡಿಸೋಣ" ಎಂದಳು ಭಾನುಮತಿ, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದ್ದಕ್ಕೆ ಹೇಳುವ ಹಾಗೆ.

ಇದೂ ನಿಂತರೆ ಬದರಿಯದೂ ತನ್ನದೂ ಅಂತ ಇದ್ದದ್ದರಲ್ಲಿ ಇನ್ನೇನೂ ಉಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಅನ್ನಿಸುತ್ತಿರಲಿಲ್ಲ, ಪಾಪ.

ಪಿಟೀಲಿಗೆ ನಿಧಿ ಎಂಬ ಹುಡುಗಿ ಸಿಕ್ಕಳು. ಈ ದೇಶದಲ್ಲೇ ಹುಟ್ಟಿದವಳು, ಹೋಬೋಕನ್‌ನಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ಟ್ರೇನಿನಲ್ಲಿ ಬಂದವಳನ್ನು ಮಾರ್ಗರೆಟ್ ಸ್ಟೇಷನ್ನಿನಿಂದ ಕರೆತಂದಳು. ನಿಧಿ ಬದರಿಯ ಕುರ್ಚಿಯಲ್ಲಿ ಕೂತು ಬದರಿಯ ಹಾಳೆ ತೆರೆದಳು. ಮೊದಲ ಭಾಗ ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಭಾನುಮತಿ ಕಾದಳು. ಅವರಿಬ್ಬರೂ ಕಾದರು. ಫ್ರಿಜ್ಜಿನ ಗುಂಯ್ ಸದ್ದು ಬಿಟ್ಟರೆ ಮನೆಯಲ್ಲಿ ಏನೂ ಇಲ್ಲ. ಅವಳ ಕೈ ತೊಡೆ ಬಿಟ್ಟು ಮೇಲೇಳಲಿಲ್ಲ.

ಮರುವಾರವೂ ಅದೇ ಕತೆ. ಮೂರನೆಯ ಶನಿವಾರ ಮಾರ್ಗರೆಟ್ ಬಾಯಿಬಿಟ್ಟಳು. "ಎಂತ ಆಗ್ತದೆ ಮಾರಾಯ್ತಿ ನಿನಗೆ? ಅಳು ಬಂದರೆ ಒಮ್ಮೆ ಅತ್ತುಬಿಡು."

"ಅಳು ಎಲ್ಲಿ ಬರುತ್ತೆ ಮಾರ್ಗರೆಟ್? ಅವರು ಉಸಿರೆಳೀತಿದ್ರು, ನಾನು ಶುರು ಮಾಡ್ತಿದ್ದೆ. ಈಗ ಯಾರ ಉಸಿರು ಕೇಳಿ ಶುರು ಮಾಡಲಿ? ಲೈಬ್ರರಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಬಿಡು."

ಮಾರ್ಗರೆಟ್ ಚೆಲ್ಲೊ ಒರೆಸತೊಡಗಿದಳು. ನಿಧಿ ಹಾಳೆಗಳನ್ನು ಮಡಿಸುತ್ತ ಹಿಂಜರಿದು ಕೇಳಿದಳು. "ಆಂಟಿ, ಸಾರಿ, ಐ ಕಾಂಟ್ ರೀಡ್ ಕನ್ನಡ. ಅಂಕಲ್ ಪೆನ್ಸಿಲ್‌ನಲ್ಲಿ ಏನೇನೋ ಬರೆದಿದ್ದಾರೆ. ವಾಟ್ ಡಸ್ ಇಟ್ ಸೇ?"

ಬದರಿ ತನ್ನ ಹಾಳೆಯ ಅಂಚಿನಲ್ಲಿ ಕನ್ನಡದಲ್ಲೇ ಗೀಚಿಕೊಳ್ಳುತ್ತಿದ್ದ. ಆ ಹಾಳೆಯನ್ನು ಭಾನುಮತಿ ಎಂದೂ ನೋಡಿರಲಿಲ್ಲ; ಅವಳ ಹಾಳೆ ಅವಳಿಗೆ, ಅವನದು ಅವನಿಗೆ. ಕನ್ನಡಕ ಏರಿಸಿ ಒಂದೊಂದಾಗಿ ಓದಿ ಹೇಳಿದಳು. "ಇಲ್ಲಿ ಗಮಕ ಬೇಡ ಅಂತಿದೆ. ಇಲ್ಲಿ, ಮಾರ್ಗರೆಟ್ ಓಡುತ್ತಾಳೆ, ಜಗಳ ಬೇಡ."

"ನಾನು ಓಡುವುದಾ! ಅವನದ್ದೇ ಆಮೆ ನಡಿಗೆ" ಎಂದಳು ಮಾರ್ಗರೆಟ್.

ಎರಡನೆಯ ಭಾಗದ ತಲೆಯ ಮೇಲೆ, ಎರಡು ಸಲ ಅಡಿಗೆರೆ ಎಳೆದು, ಹೀಗಿತ್ತು: 'ಭಾನು ಕಮಾನು ಎತ್ತುವವರೆಗೆ ಕಾಯಬೇಕು. ಅವಳು ಎತ್ತಿದ ಮೇಲೆ ಉಸಿರು. ಅವಳ ಹಿಂದೆಯೇ ಹೋಗಬೇಕು.'

ಭಾನುಮತಿ ಅದನ್ನು ಎರಡು ಸಲ ಓದಿದಳು, ಒಂದು ಸಲ ಗಟ್ಟಿಯಾಗಿ. ಆಮೇಲೆ ನಿಧಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು.

"ಹೌದಲ್ಲ" ಎಂದಳು ಮಾರ್ಗರೆಟ್. "ನಾನು ಎದುರಿಗೆ ಕೂತು ನೋಡ್ತಿದ್ದೆನಲ್ಲ. ನಿನ್ನ ಕೈ ಎದ್ದ ಮೇಲೆಯೇ ಅವನ ಉಸಿರು. ಅದು ನಿನಗೆ ಗೊತ್ತಿರಲಿಲ್ಲವಾ?"

ಗೊತ್ತಿರಲಿಲ್ಲ. ಮನೆ ಕೊಂಡಾಗ, ಕೆಲಸ ಬಿಟ್ಟಾಗ, ಹಂಗೇರಿಯ ಹಾಳೆ ತಂದಾಗ, ಎಲ್ಲದರಲ್ಲೂ ತಾನೇ ಅರ್ಧ ಹೆಜ್ಜೆ ಹಿಂದೆ ಎಂದುಕೊಂಡೇ ಬದುಕಿದ್ದವಳು. ಅಂದು ಅವಳು ಮತ್ತೆ ಕಮಾನು ಮುಟ್ಟಲಿಲ್ಲ. ಲೈಬ್ರರಿಗೆ ಫೋನ್ ಮಾಡೆಂದು ಇನ್ನೊಮ್ಮೆ ಹೇಳಲೂ ಇಲ್ಲ.

ಮೇ ಹದಿನೇಳಕ್ಕೆ ಲೈಬ್ರರಿಯಲ್ಲಿ ಮೂವತ್ತು ಜನ ಸೇರಿದ್ದರು. ಮೊದಲ ಭಾಗ ಮುಗಿಯಿತು. ಯಾರೋ ಒಬ್ಬ ಅಂಕಲ್ ಎಲ್ಲ ಮುಗಿಯಿತೆಂದು ತಪ್ಪಿ ಚಪ್ಪಾಳೆ ತಟ್ಟಿ ನಾಚಿಕೊಂಡರು. ಭಾನುಮತಿ ಹಾಳೆ ನೋಡುತ್ತ ಕೂತಳು. ಮಾರ್ಗರೆಟ್ ತುಟಿ ಕಚ್ಚಿಕೊಂಡಳು. ಒಂದು ಕೆಮ್ಮು ಕೇಳಿಸಿತು, ಕುರ್ಚಿ ಕಿರ್‌ಗುಟ್ಟಿತು. ಭಾನುಮತಿ ಮೊದಲ ಸಲ ಹಾಳೆಯಿಂದ ಕಣ್ಣು ತೆಗೆದು ತನ್ನ ಬಲಗೈಯನ್ನು ನೋಡಿದಳು, ಕಮಾನು ಎತ್ತಿದಳು.

ಪಕ್ಕದ ಕುರ್ಚಿಯಿಂದ ನಿಧಿ ಮೂಗಿನಲ್ಲಿ ಜೋರಾಗಿ ಉಸಿರೆಳೆದಳು.

ಆ ಐದು ಸ್ವರ ಹೊರಟವು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಫೆಬ್ರವರಿಯಿಂದ ಬಾರದಿದ್ದ ಕಣ್ಣೀರು ಒಮ್ಮೆಲೇ ಬಂತು, ಗಲ್ಲದಿಂದ ವಿಯೋಲಾದ ಮರದ ಮೇಲೆ ಇಳಿಯಿತು. ಮಾರ್ಗರೆಟ್ ತಂತಿ ಮೀಟುತ್ತಲೇ ಹತ್ತಿರಕ್ಕೆ ಬಾಗಿ ಪಿಸುಗುಟ್ಟಿದಳು. "ಅಳು ಮಾರಾಯ್ತಿ, ಕಮಾನು ಮಾತ್ರ ನಿಲ್ಲಿಸಬೇಡ."

ಭಾನುಮತಿ ನಿಲ್ಲಿಸಲಿಲ್ಲ.