ಧನರಾಜ ದರ್ಜಿಯ ಲೋನಾ

ಗಂಡನ ದಿವಸದ ಊಟ ಮುಗಿದು, ಬಂದ ನೆಂಟರೆಲ್ಲ ಕಲ್ಹೇರಿನ ಬಸ್‌ಸ್ಟ್ಯಾಂಡಿನ ಕಡೆ ಹೋದ ಮಧ್ಯಾಹ್ನ ಸುಗಲಾಬಾಯಿ ಧನರಾಜನ ಹೆಸರನ್ನು ಮೊದಲ ಸಲ ಕೇಳಿದಳು. ಹಿತ್ತಿಲಲ್ಲಿ ಕೂತು ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ಜಹೀರಾಬಾದಿನಿಂದ ಬಂದಿದ್ದ ನಾದಿನಿ ಬಂಡಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಮ್ಮೂರಲ್ಲಿ ಒಬ್ಬ ದರ್ಜಿ ಇದ್ದಾನೆ, ಧನರಾಜ ಅಂತ, ಬರೀ ಆಟದ ಬಟ್ಟೆ ಹೊಲಿಯುತ್ತಾನೆ, ಕೈಹೊಲಿಗೆಗೆ ಹೆಂಗಸರನ್ನು ಹುಡುಕುತ್ತಿದ್ದಾನೆ ಎಂದಳು.

ಆಟದ ಬಟ್ಟೆ ಎಂದರೇನು ಎಂದು ಸುಗಲಾಬಾಯಿ ಕೇಳಲಿಲ್ಲ. ಆ ದಿನಗಳಲ್ಲಿ ಅವಳು ಏನನ್ನೂ ಕೇಳುತ್ತಿರಲಿಲ್ಲ. ಉಣ್ಣು ಎಂದರೆ ಉಣ್ಣುವಳು, ಏಳು ಎಂದರೆ ಏಳುವಳು. ನಡಿ ನನ್ನ ಜೊತೆ ಎಂದಳು ಬಂಡಮ್ಮ. ಇವಳು ಟ್ರಂಕು ಎತ್ತಿಕೊಂಡು ನಡೆದಳು.

ಧನರಾಜನ ಅಂಗಡಿ ಅವನ ಮನೆಯ ಮುಂದಿನ ಕೋಣೆ. ಹೊರಗೆ ತೆಲುಗಿನ ಬೋರ್ಡು, ಒಳಗೆ ಕನ್ನಡದ ಮಾತು, ಗಿರಾಕಿ ಬಂದರೆ ಹಿಂದಿ. ಆಳು ಸಣಕಲು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಟೇಪು. ಹರೆಯದಲ್ಲಿ ಕಬಡ್ಡಿ ಆಡಿ ಎಡಗೈಯ ಕಿರುಬೆರಳು ಮುರಿದುಕೊಂಡಿದ್ದ. ಅದು ಸೊಟ್ಟಗೇ ಕೂಡಿಕೊಂಡಿತ್ತು. ಬಟ್ಟೆಯ ಅಂಚು ಮಡಿಸುವಾಗ ಆ ಸೊಟ್ಟ ಬೆರಳೇ ಮುಂದಾಗುತ್ತಿತ್ತು.

ಅವನು ಹೊಲಿಯುತ್ತಿದ್ದುದು ಹೆಚ್ಚಾಗಿ ಕಬಡ್ಡಿಯ ಚಡ್ಡಿ. ಹಿಡಿದವರು ಎಷ್ಟು ಜಗ್ಗಿದರೂ ಹರಿಯಬಾರದೆಂದು ತೊಡೆಸಂದಿಗೆ ಮೂರು ಸುತ್ತು ಹೊಲಿಗೆ ಹಾಕುತ್ತಿದ್ದ. ಆ ಚಡ್ಡಿಗೆ ಲೋನಾ ಎಂದು ಹೆಸರಿಟ್ಟಿದ್ದ. ಎದುರು ತಂಡದವರೆಲ್ಲ ಔಟಾಗಿ ಅಂಕಣ ಬರಿದಾದರೆ ಅದನ್ನು ಲೋನಾ ಎನ್ನುತ್ತಾರೆ. ಹಾಗೆ ಮಾಡಿದ ತಂಡಕ್ಕೆ ಮೇಲೆ ಎರಡು ಪಾಯಿಂಟು. ಅವನು ಹೊಲಿದ ಮೊದಲ ಚಡ್ಡಿಗಳನ್ನು ತೊಟ್ಟ ದಿನವೇ ಜಹೀರಾಬಾದಿನ ಹುಡುಗರು ತಾಂಡೂರಿನವರಿಗೆ ಲೋನಾ ಕೊಟ್ಟು ಬಂದಿದ್ದರಂತೆ. ಅವತ್ತು ಇಟ್ಟ ಹೆಸರು.

ಚಡ್ಡಿಯ ಸೊಂಟದ ಒಳಗೆ ಲೇಬಲ್ಲು ಹಚ್ಚುವುದು ಸುಗಲಾಬಾಯಿಯ ಕೆಲಸ. ಲೇಬಲ್ಲು ಉದ್ದ ಪಟ್ಟಿಯಾಗಿ ಸುತ್ತಿಕೊಂಡು ಬರುತ್ತಿತ್ತು. ನೀಲಿಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ. ಅವಳು ಎರಡನೇ ಇಯತ್ತೆಯವರೆಗೆ ಕನ್ನಡ ಕಲಿತವಳು. ಇಂಗ್ಲಿಷಿಗೆ ತಲೆ ಯಾವುದು, ಕಾಲು ಯಾವುದು ತಿಳಿಯದೆ ಮೊದಲ ಗಂಟಿನ ಚಡ್ಡಿಗಳಿಗೆಲ್ಲ ತಲೆಕೆಳಗಾಗಿ ಹಚ್ಚಿಕೊಟ್ಟಳು. ಧನರಾಜ ಒಂದೊಂದನ್ನೇ ತಿರುವಿ ನೋಡಿದ.

"ಅಕ್ಕಾ, ನಿಮ್ಮ ಕೈಯಾಗ ನಮ್ಮ ಲೋನಾ ಶೀರ್ಷಾಸನ ಹಾಕ್ಯಾದಲ್ರಿ" ಎಂದ. ಅವನ ಹೆಂಡತಿ ಪ್ರೇಮಲಾ ನಕ್ಕಳು. ಸುಗಲಾಬಾಯಿಗೆ ನಗು ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಬಿಚ್ಚಿ ಮತ್ತೆ ಹಚ್ಚಿದಳು.

ಮುಂದಿನ ಗಂಟು ಬಂದಾಗ ಪ್ರೇಮಲಾಳನ್ನು ಕೇಳಿಕೊಂಡು, ಪಟ್ಟಿಯನ್ನು ಕತ್ತರಿಸುವ ಮೊದಲೇ ಪ್ರತಿ ಲೇಬಲ್ಲಿನ ತಲೆಯ ಮೂಲೆಗೆ ಕೆಂಪು ದಾರದಿಂದ ಗುಣಾಕಾರದ ಗುರುತಿನಂಥ ಸಣ್ಣದೊಂದು ಕತ್ತರಿಹೊಲಿಗೆ ಹಾಕಿದಳು. ಕೆಂಪು ಕಂಡ ಕಡೆ ಮೇಲೆ, ಅಷ್ಟೇ. ಆ ದಾರ ಅವಳ ಟ್ರಂಕಿನಲ್ಲಿತ್ತು, ಕುಬಸಗಳಿಗೆಂದು ತಂದದ್ದು. ಇನ್ನು ಕೆಂಪು ಕುಬಸ ತೊಡುವುದಿರಲಿಲ್ಲ. ಉಂಡೆ ತೀರಿದಾಗ ಏಕೆಂದು ಯೋಚಿಸದೆ ಇನ್ನೊಂದು ಕೆಂಪು ಉಂಡೆಯನ್ನೇ ಕೊಂಡಳು. ಅಷ್ಟರಲ್ಲಿ ಅಕ್ಷರದ ಗುರುತು ಕಣ್ಣಿಗೆ ಹತ್ತಿತ್ತು. ಆದರೂ ಕೈ ಆ ಹೊಲಿಗೆಯನ್ನು ಬಿಡಲಿಲ್ಲ.

ಧನರಾಜನ ಕೈಕೆಳಗೆ ಕೆಲಸ ಕಲಿತವರಲ್ಲಿ ಇಬ್ಬರು ಸ್ವಂತ ಅಂಗಡಿ ಹಾಕಿದರು. ಸಂಗಮೇಶ ನಾರಾಯಣಖೇಡದಲ್ಲಿ, ಮಿಲಿಂದ್ ತಾಂಡೂರಿನಲ್ಲಿ. ಮಿಲಿಂದನಿಗೆ ಅಲ್ಲಿ ಕಲ್ಲು ಕೊರೆಯುವವರ ಕಬಡ್ಡಿ ತಂಡಗಳೇ ಗಿರಾಕಿ. ಶಿಷ್ಯ ಹೊರಡುವ ದಿನ ಅಂಗಡಿಯಲ್ಲಿ ಒಂದು ರಿವಾಜು ಇತ್ತು. ಪ್ರೇಮಲಾ ತಟ್ಟೆ ತರುವಳು; ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ-ಅಡಿಕೆ, ಅದರ ಮೇಲೆ ಲೇಬಲ್ಲಿನ ಹೊಸ ಸುರುಳಿ. ಧನರಾಜ ಅದನ್ನು ಶಿಷ್ಯನ ಕೈಗಿಟ್ಟು, ಇನ್ನು ಈ ಹೆಸರು ನಿನ್ನದೂ ಹೌದು, ಹೊಲಿಗೆ ಕೆಡಿಸಬೇಡ ಎನ್ನುವನು. ಅವನ ಉಸ್ತಾದ ಅವನಿಗೂ ಹಾಗೆಯೇ ತನ್ನ ಲೇಬಲ್ಲು ಕೊಟ್ಟಿದ್ದನಂತೆ. ಎರಡು ಸಲವೂ ಸುಗಲಾಬಾಯಿ ಒಳಬಾಗಿಲ ಹಿಂದೆ ನಿಂತು ನೋಡಿದಳು. ಅಲ್ಲಿ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಮುಂದೆ ಬಾ ಎಂದೂ ಯಾರೂ ಅನ್ನಲಿಲ್ಲ.

ಟಿ.ವಿ.ಯಲ್ಲಿ ಕಬಡ್ಡಿ ಬರತೊಡಗಿದ ಮೇಲೆ ಊರೂರಿಗೆ ತಂಡಗಳಾದವು. ಧನರಾಜನಿಗೆ ಕೈತುಂಬ ಕೆಲಸ. ಆಗಲೇ ಹೈದರಾಬಾದಿನ ಒಂದು ಕಂಪನಿಯಿಂದ ನೋಟೀಸು ಬಂತು. ಲೋನಾ ಎನ್ನುವುದು ತಮ್ಮ ಆಟದ ಬಟ್ಟೆಯ ಹೆಸರು, ಅದನ್ನು ನೋಂದಾಯಿಸಲು ಅರ್ಜಿ ಹಾಕಿದ್ದೇವೆ, ನೀನು ನಿಲ್ಲಿಸು ಎಂದು ಅದರಲ್ಲಿತ್ತು.

ಧನರಾಜ ಅದನ್ನು ವಕೀಲ ಜೈಪಾಲನ ಹತ್ತಿರ ಒಯ್ದ. ಜೈಪಾಲ ನೆಂಟಸ್ತಿಕೆಯವನು, ಅಂಗಡಿಗೇ ಬಂದು, ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ. ಆಟದ ಮಾತನ್ನು ಅದೇ ಆಟದ ಸಾಮಾನಿಗೆ ಹೆಸರಾಗಿಟ್ಟು ಇದು ನನ್ನದೇ ಎಂದರೆ ಸರಕಾರ ಸುಲಭಕ್ಕೆ ಒಪ್ಪುವುದಿಲ್ಲ. ಚೆಂಡು ಮಾರುವವನು ಗೋಲ್ ಎಂಬ ಮಾತಿಗೆ ಬೇಲಿ ಹಾಕಿದರೆ ಉಳಿದವರು ಏನೆಂದು ಕೂಗಬೇಕು? ಹಾಗಾಗಿ ಕಂಪನಿಗೂ ಅದು ಸಿಗುವುದು ಕಷ್ಟ. ಆದರೆ ಒಂದು ಸಂದು ಇದೆ. ಬಹಳ ಕಾಲ ಒಬ್ಬನೇ ಬಳಸಿ, ಆ ಮಾತು ಕೇಳಿದರೆ ಜನಕ್ಕೆ ಅವನ ಅಂಗಡಿಯೇ ನೆನಪಾಗುವಂತಿದ್ದರೆ ಕೊಡಬಹುದು. ನೀವೂ ಅರ್ಜಿ ಹಾಕಿರಿ, ಕೇಳಿದರೆ ಈ ಹೆಸರು ನಮ್ಮ ಅಂಗಡಿಯದೊಂದೇ ಎನ್ನಿರಿ, ಶಿಷ್ಯರ ಮಾತು ಎತ್ತಬೇಡಿರಿ ಎಂದ.

ಧನರಾಜ ತಲೆಯಾಡಿಸಿದ. ಅವನಿಗೆ ಆ ಹೆಸರು ಬೇಕೇ ಬೇಕಿತ್ತು. "ಹೆಸರು ಹೋದ್ರ ನಾ ಯಾರು, ಬರೇ ಚಡ್ಡಿ ಹೊಲಿಯಾಂವ" ಎಂದು ಅವತ್ತು ಪ್ರೇಮಲಾಳಿಗೆ ಅಂದದ್ದು ಸುಗಲಾಬಾಯಿಯ ಕಿವಿಗೂ ಬಿತ್ತು.

ವಿಚಾರಣೆ ಕಂಪ್ಯೂಟರಿನಲ್ಲೇ ನಡೆಯಿತು, ಜೈಪಾಲನ ಆಫೀಸಿನಲ್ಲಿ. ಲೇಬಲ್ಲು ಹಚ್ಚುವವಳೆಂದು ಸುಗಲಾಬಾಯಿಯನ್ನೂ ಕರೆದೊಯ್ದಿದ್ದರು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಪರದೆಯ ಮೇಲೆ ಹೆಸರು ನೋಂದಾಯಿಸುವ ಕಚೇರಿಯ ಸಾಹೇಬರೊಬ್ಬರ ಮುಖ, ಪಕ್ಕದಲ್ಲಿ ಕಂಪನಿಯ ವಕೀಲನ ಮುಖ. ಬಹಳ ಹೊತ್ತು ಇಂಗ್ಲಿಷಿನಲ್ಲಿ ನಡೆಯಿತು. ಕೊನೆಗೆ ಸಾಹೇಬರು ಹಿಂದಿಯಲ್ಲಿ, ನಿಮ್ಮನ್ನು ಬಿಟ್ಟು ಈ ಹೆಸರನ್ನು ಬೇರೆ ಯಾರಾದರೂ ಹಚ್ಚುತ್ತಾರೆಯೇ ಎಂದು ಧನರಾಜನನ್ನೇ ಕೇಳಿದರು.

ಜೈಪಾಲ ಕೆಮ್ಮಿದ. ಧನರಾಜ ಅಂಗಿ ಜಗ್ಗಿಕೊಂಡು ನೆಟ್ಟಗೆ ಕೂತ. ಹಚ್ಚುತ್ತಾರೆ ಸಾಹೇಬರೇ, ನಾರಾಯಣಖೇಡದಲ್ಲಿ ನಮ್ಮ ಸಂಗಮೇಶ, ತಾಂಡೂರಿನಲ್ಲಿ ಮಿಲಿಂದ್, ಇಬ್ಬರಿಗೂ ನಾನೇ ನನ್ನ ಕೈಯಾರೆ ಕೊಟ್ಟಿದ್ದೇನೆ, ಅವರಿಗೂ ಶಿಷ್ಯರಿದ್ದಾರೆ, ನಾಳೆ ಅವರಿಗೂ ಕೊಡುತ್ತಾರೆ ಎಂದ. ಮಗನ ಮದುವೆಯ ಸುದ್ದಿ ಹೇಳುವವನ ಹಾಗೆ ಹೇಳಿದ. ಕಂಪನಿಯ ವಕೀಲ ತಲೆ ತಗ್ಗಿಸಿ ಏನೋ ಬರೆದುಕೊಂಡ.

ಪರದೆ ಆರಿದ ಮೇಲೆ ಜೈಪಾಲ ಕಾಗದಗಳನ್ನು ಕಟ್ಟಿಟ್ಟು ಧನರಾಜನ ಕಡೆ ತಿರುಗಿದ.

"ಒಂದs ಮಾತು ಹೇಳಬ್ಯಾಡಂದಿದ್ದೆ, ಧನರಾಜಣ್ಣ. ಅದನ್ನs ಹೇಳಿದ್ರಿ."

"ಇದ್ದದ್ದು ಹೇಳಿದೆ. ಶಿಷ್ಯಾಗ ಹೆಸರು ಕೊಡಲಾರದವ ಎಂಥ ಉಸ್ತಾದ?"

"ಕೋರ್ಟು-ಕಚೇರಿಗಿ ನಿಮ್ಮ ಎಲಿ-ಅಡಿಕಿ ತಿಳಿಯಂಗಿಲ್ರಿ."

ಆರ್ಡರು ಬರುವ ಹೊತ್ತಿಗೆ ಜೋಳದ ಕೊಯ್ಲು ಮುಗಿದಿತ್ತು. ಇಬ್ಬರ ಅರ್ಜಿಯೂ ವಜಾ ಆಗಿತ್ತು. ಲೋನಾ ಆಟದ ಮಾತು, ಆಡುವವರೆಲ್ಲರದು, ಕಬಡ್ಡಿಯ ಬಟ್ಟೆಗೆ ಅದನ್ನು ಒಬ್ಬರಿಗೇ ಬಿಟ್ಟುಕೊಡಲು ಬರುವುದಿಲ್ಲ ಎಂದು ಬರೆದಿತ್ತಂತೆ. ಸಾಬೂನಿಗೋ ಕೊಡೆಗೋ ಆ ಹೆಸರಿಟ್ಟಿದ್ದರೆ ಬಹುಶಃ ಸಿಗುತ್ತಿತ್ತು ಎಂದ ಜೈಪಾಲ, ಸಮಾಧಾನಕ್ಕೆ.

"ಸಾಬೂನು ಯಾವಾಗರೆ ಕಬಡ್ಡಿ ಆಡ್ಯಾದೇನ್ರಿ?" ಎಂದ ಧನರಾಜ. ನಗಲಿಲ್ಲ. ತಿರುಗಿ ಮಷಿನ್ನಿಗೆ ಕೂತ.

ಕಂಪನಿ ತನ್ನ ಸ್ವಂತ ಹೆಸರನ್ನು ದೊಡ್ಡದಾಗಿ ಹಾಕಿ ಕೆಳಗೆ ಲೋನಾ ಎಂದು ಸಣ್ಣದಾಗಿ ಬರೆದು ಮಾರತೊಡಗಿತು. ಬೀದರದಿಂದ, ಸೋಲಾಪುರದಿಂದಲೂ ಲೋನಾ ಚಡ್ಡಿ ಬಂದವು. ಧನರಾಜನನ್ನು ಯಾರೂ ತಡೆಯಲಿಲ್ಲ, ಅವನೂ ಯಾರನ್ನೂ ತಡೆಯುವಂತಿರಲಿಲ್ಲ. ಅವನು ಬೈಯಲಿಲ್ಲ, ಅಳಲಿಲ್ಲ. ಪ್ರೇಮಲಾ ಚಹಾ ಇಟ್ಟರೆ ಕುಡಿಯುವನು, ಮರೆತರೆ ಕೇಳನು. ಸುಗಲಾಬಾಯಿಗೆ ಆ ಕೂರುವ ರೀತಿಯ ಪರಿಚಯವಿತ್ತು. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಾ ಅವಳೂ ಹಾಗೇ ಕೂತಿದ್ದಳು. ಅದಕ್ಕೆ ಹೇಳುವ ಮಾತು ಯಾವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಲೇಬಲ್ಲು ಹಚ್ಚುತ್ತಲೇ ಹೋದಳು.

ಮಳೆಗಾಲದಲ್ಲಿ ಧನರಾಜನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು, ತುಸು ತೊದಲು.

ನೋಡಲು ಸಂಗಮೇಶ ನಾರಾಯಣಖೇಡದಿಂದ ಬಂದ. ಜೈಪಾಲನೂ ಇದ್ದ. ಕುಶಲ ಕೇಳಿಯಾದ ಮೇಲೆ ಸಂಗಮೇಶ ತನ್ನ ತಾಪತ್ರಯ ತೋಡಿಕೊಂಡ.

"ಉಸ್ತಾದ, ಈಗಿನ ಹುಡುಗ್ರು ಲೇಬಲ್ ಓದಂಗಿಲ್ರಿ. ಸೊಂಟದ ಪಟ್ಟಿ ತಿರುವಿ ಕೆಂಪು ದಾರ ಅದನೋ ಇಲ್ಲೋ ನೋಡ್ತಾರ. ನಮ್ಮ ಚಡ್ಡಿಗಿ ಅದು ಇಲ್ಲ ನೋಡ್ರಿ, ನಕಲಿ ಅಂತ ಬಿಸಾಕಿ ಹೋಗ್ತಾರ. ಮಿಲಿಂದನ ಕಥಿನೂ ಅದs."

ಜೈಪಾಲ ಒಂದು ಚಡ್ಡಿ ತರಿಸಿ ಮೂಲೆಯ ಕೆಂಪು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದ. ಇದು ಆಟದ ಮಾತಲ್ಲ, ಮತ್ತಾರೂ ಹಾಕುತ್ತಿಲ್ಲ, ಇದಕ್ಕೆ ಅರ್ಜಿ ಹಾಕಿದರೆ ಸಿಕ್ಕರೂ ಸಿಗಬಹುದು, ಅಕ್ಕನ ಹೆಸರಿನಲ್ಲೇ ಹಾಕೋಣ ಎಂದ. ಹಾಗೆಂದವನು ಧನರಾಜನ ಕಡೆ ತಿರುಗಿ, ಈ ಸಲ ಮಾತ್ರ ಇದನ್ನು ಬೇರೆ ಯಾರಿಗೂ ಕೊಡಬಾರದು ಎಂದ. ಎಲ್ಲರೂ ಸುಗಲಾಬಾಯಿಯ ಕಡೆ ನೋಡಿದರು. ಅವಳಿಗೆ ಏನೂ ಅನಿಸಲಿಲ್ಲ. ತಲೆ ಯಾವುದೆಂದು ತಿಳಿಯಲಿ ಎಂದು ಹಾಕಿದ ಹೊಲಿಗೆ. ಅದರಲ್ಲಿ ಅವಳದು ಎಂಬುದು ಏನಿದೆ? ನೀವು ಹ್ಯಾಂಗಂತೀರಿ ಹಾಂಗ ಎಂದು ಒಳಗೆ ಹೋದಳು.

ಆ ವಾರದ ಒಂದು ಮುಂಜಾನೆ ಪ್ರೇಮಲಾ ಬಂದು, ನಿಮ್ಮನ್ನು ಕರೆಯುತ್ತಿದ್ದಾರೆ ಎಂದಳು. ಧನರಾಜ ಗೋಡೆಗೆ ಒರಗಿ ಕೂತಿದ್ದ. ವಿಭೂತಿ ಅವತ್ತು ಪ್ರೇಮಲಾ ಹಚ್ಚಿದ್ದಿರಬೇಕು, ಒಂದು ಕಡೆ ದಪ್ಪ. ಸೊಟ್ಟ ಬೆರಳಿನ ಎಡಗೈಯಿಂದ ಕೂಡಲು ಸನ್ನೆ ಮಾಡಿದ. ಮಂಚದ ಪಕ್ಕದ ಸ್ಟೂಲಿನ ಮೇಲೆ ತಟ್ಟೆಯಿತ್ತು. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ-ಅಡಿಕೆ, ಎರಡು ಹೊಸ ಕೆಂಪು ದಾರದ ಉಂಡೆ.

ಗಂಡ ಹೋದ ಮೇಲೆ ಯಾವ ಮನೆಯಲ್ಲೂ ಅವಳ ಕೈಗೆ ಎಲೆ-ಅಡಿಕೆ ಬಂದಿರಲಿಲ್ಲ. ಅವಳ ಕೈಯಿಂದ ಯಾರೂ ತೆಗೆದುಕೊಂಡೂ ಇರಲಿಲ್ಲ. ಅವಳು ತಟ್ಟೆಯನ್ನು ನೋಡಿ ಪ್ರೇಮಲಾಳ ಕಡೆ ನೋಡಿದಳು. ಪ್ರೇಮಲಾ ಕದಲದೆ ನಿಂತಿದ್ದಳು.

"ಸಂಗಮೇಶ, ಮಿಲಿಂದ್ ಇಬ್ರೂ ಬರಾಕ ಹತ್ಯಾರ, ಅಕ್ಕಾ" ಎಂದ ಧನರಾಜ. ತೊದಲಿದರೂ ಮಾತು ತಿಳಿಯುತ್ತಿತ್ತು. "ಜೈಪಾಲ ಬ್ಯಾಡ ಅಂದಾನ, ನಂಗೊತ್ತದ. ಆದ್ರ ಹೊಲಿಗಿ ನಿಮ್ಮದು, ಕೊಡೋದು ಬಿಡೋದು ನಿಮ್ಮ ಕೈಯಾಗ. ಕೊಡೋದಿದ್ರ ಅವ್ರಿಗಿ ಆ ಹೊಲಿಗಿ ಕಲಿಸ್ರಿ. ಬಾಗಿಲ ಹಿಂದ ನಿಂತು ಅಲ್ಲ. ಇಲ್ಲಿ ಮುಂದ ಕೂತು, ತಟ್ಟಿ ನೀವs ಹಿಡದು ಕೊಡ್ರಿ."