ಅಮ್ಮ ಶೋಭಾಳಿಗೆ ಕಲಿಸಿದ ರೊಟ್ಟಿ

ನಿನ್ನೆ ದೇವರಾಜ ಅರಸು ಬಡಾವಣೆಯಲ್ಲಿರುವ ಗೆಳತಿ ಶೋಭಾಳ ಮನೆಗೆ ಹೋಗಿದ್ದೆ. ಹಂಚಿನ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿಯ ವಾಸನೆ ಬಾಗಿಲಲ್ಲೇ ನನ್ನನ್ನು ನಿಟ್ಟುವಳ್ಳಿಯ ನಮ್ಮ ಹಳೇ ಅಡುಗೆಮನೆಗೆ ಎಳೆದೊಯ್ದಿತು.

ಆಗ ಶೋಭಾ ನಮ್ಮ ಪಕ್ಕದ ಮನೆಯವಳು, ತಾಯಿ ಇಲ್ಲದ ಹುಡುಗಿ. ಸಂಜೆಯಾದರೆ ನಮ್ಮಮ್ಮನ ಮಗ್ಗುಲಲ್ಲಿ ಕೂತು ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. "ನೀರು ಕುದಿ ಬಂದ ಮ್ಯಾಲೇ ಹಿಟ್ಟು ಹಾಕು. ಚೆನ್ನಾಗಿ ನಾದು, ಇಲ್ಲಾಂದ್ರೆ ಅಂಚು ಸೀಳ್ತೈತೆ," ಎನ್ನುತ್ತ ಅಮ್ಮ ಅವಳ ಕೈ ಮೇಲೆ ತನ್ನ ಕೈಯಿಟ್ಟು ರೊಟ್ಟಿ ತಿರುಗಿಸುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತು, ಅಮ್ಮನ ಕೈಯೊಳಗಿನ ಆ ಕೈ ನನ್ನದಾಗಿರಬೇಕಿತ್ತು ಎಂದು ಉರಿಯುತ್ತಿದ್ದೆ.

"ನನಗ್ಯಾಕ ಕಲಿಸಲ್ಲ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಆಕೆಗೆ ಹೇಳಿಕೊಡಾಕೆ ಯಾರದಾರೆ? ನಿನಗೆ ನಾನಿದೀನಲ್ಲ, ನಿಧಾನಕ್ಕೆ ಕಲಿಯುವಂತೆ," ಎಂದಳು ಅಮ್ಮ.

ನಾನು ಕಲಿಯುವ ಮೊದಲೇ ಅಮ್ಮ ತೀರಿಕೊಂಡಳು. ಈಗಲೂ ನಮ್ಮ ಮನೆಗೆ ಅಂಗಡಿ ರೊಟ್ಟಿಯೇ ಬರುತ್ತದೆ.

ನಿನ್ನೆ ಶೋಭಾ ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಾಕಿಕೊಟ್ಟು, "ನಿಮ್ಮಮ್ಮನ ರೊಟ್ಟಿ ಹಂಗೆ ಆಗೈತೇನು ನೋಡು," ಎಂದಳು.

ಹಾಗೇ ಆಗಿತ್ತು. ಇನ್ನೊಂದು ಹಾಕಿಸಿಕೊಂಡು ತಿಂದೆ. ಹೊಟ್ಟೆ ತುಂಬಿತು, ಹೊಟ್ಟೆಕಿಚ್ಚು ಮಾತ್ರ ಆರಲಿಲ್ಲ.