ನಂಬರ್ ಅಂಟಿಸಿದ ಕಪ್ಪೆಚಿಪ್ಪುಗಳು

ಸಿಹಿನೀರಿನ ಕಪ್ಪೆಚಿಪ್ಪು ಎಷ್ಟು ಬೆಳೆಯುತ್ತದೆಂದು ತಿಳಿಯಲು, ಒಂದೊಂದರ ಬೆನ್ನಿಗೂ ನಂಬರ್ ಅಂಟಿಸಿ ಪಾಲಾರ್ ಹೊಳೆಯ ಮಡುವಿಗೆ ಬಿಟ್ಟಿದ್ದೆ. ಬೇಸಿಗೆಯಲ್ಲಿ ಮತ್ತೆ ಹೋದಾಗ ಮಡುವಿನಲ್ಲಿ ಕೆಸರು ಮಾತ್ರ ಇತ್ತು. ಎಷ್ಟು ಕೈಯಾಡಿಸಿದರೂ ಒಂದೂ ಸಿಗಲಿಲ್ಲ. ದಡದ ಗುಡಿಸಲ ಮುಂದೆ ಮಾತ್ರ ನನ್ನ ನಂಬರಿನ ಖಾಲಿ ಚಿಪ್ಪುಗಳು ಬಿಸಿಲಿಗೆ ಒಣಗುತ್ತಿದ್ದವು.

"ಇವು ಎಲ್ಲಿ ಸಿಕ್ಕಿದವಮ್ಮಾ?" ಎಂದು ಅಲ್ಲಿದ್ದ ಹೆಂಗಸನ್ನು ಕೇಳಿದೆ.

"ನೀರು ಬತ್ತೋಗಿ ಕೆಸರಲ್ಲಿ ಬಾಯ್ ಬುಟ್ಕಂಡಿದ್ವು ಸಾ. ಎಂಗಿದ್ರೂ ಸಾಯ್ತವೆ ಅಂತ ತಕಬಂದು ಸಾರು ಮಾಡ್ದೆ." ಆಕೆಯ ಮುಖ ಬಾಡಿತು. "ನಂಬರ್ ಅದೆ, ಸರ್ಕಾರದ್ದೇನೋ ಅಂತ ಚಿಪ್ಪು ಎತ್ತಿಟ್ಟೆ. ಕೇಸ್ ಆಯ್ತದಾ ಸಾ?"

ಇಲ್ಲ ಎಂದೆ. ಆಕೆ ಸಮಾಧಾನಗೊಂಡು ನನಗೂ ಒಂದು ತಟ್ಟೆ ಅದೇ ಸಾರು ಬಡಿಸಿದಳು. ಬೇಡ ಎನ್ನಲಾಗದೆ ಉಂಡೆ. ಅಷ್ಟು ದಿನದ ಸಂಶೋಧನೆಯಿಂದ ನನಗೆ ಖಚಿತವಾಗಿ ತಿಳಿದದ್ದು ಕಪ್ಪೆಚಿಪ್ಪಿನ ರುಚಿ ಮಾತ್ರ.